ಮೂಲವ್ಯಾಧಿ ಮೇಷ್ಟ್ರು

ಹೆಸರಿಡುವ ವಿಷಯದಲ್ಲಿ ಹೆತ್ತವರಿಗಿಂತ ವಿದ್ಯಾರ್ಥಿಗಳು ಚುರುಕು. ಕಾಲೇಜಿನಲ್ಲಿ ಪತ್ರಿಕೋದ್ಯಮ ಹೇಳಿಕೊಡುವ ಈ ಮೇಷ್ಟ್ರಿಗೆ ಅವರು ಇಟ್ಟ ಹೆಸರು ಮೂಲವ್ಯಾಧಿ. ಕೂರಲು ಬಿಡದ ಆ ಕಾಯಿಲೆ ಮೇಷ್ಟ್ರಿಗಿರಲಿಲ್ಲ. ಇದ್ದದ್ದು ಬೇರೆಯದು, ಅದಕ್ಕೆ ಮದ್ದೂ ಇಲ್ಲ. ಪತ್ರಿಕೆಗಳಲ್ಲಿ ‘ಬಲ್ಲ ಮೂಲಗಳು ತಿಳಿಸಿವೆ’ ಎಂದು ಬರುತ್ತದಲ್ಲ, ಆ ಮೂಲಗಳು ಯಾರು, ಅವು ಏನನ್ನು ಬಲ್ಲವು, ಅಷ್ಟೆಲ್ಲ ಬಲ್ಲವು ತಮ್ಮ ಹೆಸರು ಹೇಳಲು ಮಾತ್ರ ಯಾಕೆ ಒಲ್ಲವು ಎಂಬುದನ್ನು ಅವರು ವರ್ಷಗಟ್ಟಲೆ ಸಂಶೋಧಿಸುತ್ತಿದ್ದರು.

ಅವರ ಪ್ರಬಂಧದ ಹೆಸರು ‘ಸುದ್ದಿಮಾಧ್ಯಮ ಮತ್ತು ರಾಜಕಾರಣದ ಪರಸ್ಪರ ಸಂಬಂಧದಲ್ಲಿ ಅನಾಮಧೇಯ ಮೂಲಗಳ ಪಾತ್ರ: ಒಂದು ವಿಶ್ಲೇಷಣಾತ್ಮಕ ಅಧ್ಯಯನ’. ಇದನ್ನು ಒಂದೇ ಉಸಿರಿಗೆ ಹೇಳಬಲ್ಲವರಿಗೆ ಪರೀಕ್ಷೆಯಿಲ್ಲದೆ ಡಾಕ್ಟರೇಟ್ ಕೊಡಬಹುದಿತ್ತು. ಆದರೆ ವಿಶ್ವವಿದ್ಯಾಲಯಕ್ಕೆ ಅಷ್ಟು ಬುದ್ಧಿ ಇದ್ದರೆ ಅದು ವಿಶ್ವವಿದ್ಯಾಲಯ ಯಾಕಾಗುತ್ತಿತ್ತು? ಒಂದು ಅಧ್ಯಾಯ ಬರೆದುಕೊಂಡು ಹೋದರೆ ಗೈಡ್ ಮೇಡಂ ಅಲ್ಪವಿರಾಮಗಳನ್ನು ತಿದ್ದಿ ಕಳಿಸುತ್ತಿದ್ದರು. ಮುಂದಿನ ಸಲ ತಾವೇ ಹಾಕಿದ ಅಲ್ಪವಿರಾಮಗಳನ್ನು ತೆಗೆಸುತ್ತಿದ್ದರು. ಒಮ್ಮೆ ಮಾತ್ರ, ಅಪರೂಪಕ್ಕೆ, ಒಂದು ಪ್ರಶ್ನೆ ಕೇಳಿದ್ದರು. “ಯಾವಾಗ ನೋಡಿದ್ರೂ ‘ಮೂಲಗಳು’ ಅಂತ ಬಹುವಚನಾನೇ ಬರುತ್ತಲ್ಲ, ಯಾಕೆ? ಒಬ್ಬನೇ ಹೇಳಿದ್ದಕ್ಕೂ ‘ಗಳು’ ಯಾಕೆ?” ಮೇಷ್ಟ್ರಿಗೆ ರೋಮಾಂಚನವಾಯಿತು. ಮೂರನೆಯ ಅಧ್ಯಾಯ ಪೂರ್ತಿ ಈ ‘ಗಳು’ವಿಗೆ ಮೀಸಲಾಯಿತು. ಅಧಿಕಾರ ಕೇಂದ್ರದಲ್ಲಿರುವ ಹಲವರು ಸೇರಿ, ಸಮಾಲೋಚಿಸಿ, ಒಮ್ಮತದಿಂದ ಗುಟ್ಟನ್ನು ಹೊರಬಿಡುತ್ತಾರೆ, ಆ ಸಾಮೂಹಿಕತೆಯ ವ್ಯಾಕರಣ ರೂಪವೇ ‘ಗಳು’ ಎಂದು ಅವರು ಸಾಧಿಸಿ ತೋರಿಸಿದರು. ಓದಿ ಗೈಡ್ ಮೇಡಂ ಒಂದೇ ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ.

ಕೆಲಸದಲ್ಲಿ ಮೇಷ್ಟ್ರು ಅತಿಥಿ ಉಪನ್ಯಾಸಕರು. ಕಾಲೇಜು ಮುಚ್ಚಿದಾಗ ಕೆಲಸ ಕಳೆದುಕೊಂಡು, ತೆರೆದಾಗ ಮತ್ತೆ ನೆಂಟರಂತೆ ಬಂದು ಕೂರುವವರು. ಸ್ಟಾಫ್ ರೂಮಿನಲ್ಲಿ ಖಾಯಂ ಮಂದಿಗೆ ಕಿಟಕಿ ಪಕ್ಕದ ಮೇಜುಗಳು, ಅತಿಥಿಗಳಿಗೆಲ್ಲ ಸೇರಿ ವಾಷ್ ಬೇಸಿನ್ ಪಕ್ಕದ ಒಂದು ಉದ್ದನೆ ಮೇಜು. ಖಾಯಂ ಮಂದಿ ಊಟ ಮುಗಿಸಿ ಕೈ ತೊಳೆದು ಒದರಿದರೆ ಹನಿಗಳೆಲ್ಲ ಅತಿಥಿಗಳ ಉತ್ತರಪತ್ರಿಕೆಗಳ ಮೇಲೆ. ಎದುರು ಕೂರುತ್ತಿದ್ದ ಭೂಗೋಳದ ಮೇಡಂ ತಮ್ಮ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದರು. ಮೊಬೈಲಿಗೆ ನಕ್ಷೆ ಮಾಡುವ ಕಂಪನಿಯೊಂದು ಅವರನ್ನು ಕೆಲಸಕ್ಕೆ ಕರೆಯುತ್ತಲೇ ಇತ್ತು. ಅವರು ಇವತ್ತು ನಾಳೆ ಎನ್ನುತ್ತಲೇ ಇದ್ದರು. ಇಲ್ಲಿ ಖಾಯಂ ಮಾಡುತ್ತಾರೆಂಬ ಆಸೆ ಎಲ್ಲರಿಗೂ ಇತ್ತು. ಖಾಯಂ ಮಾಡುವಾಗ ಡಾಕ್ಟರೇಟ್ ಇದ್ದವರನ್ನು ಮೊದಲು ನೋಡುತ್ತಾರೆಂದು ಯಾರೋ ಹೇಳಿದ್ದರು. ಯಾರು ಹೇಳಿದರು ಎಂದು ಮೇಷ್ಟ್ರು ಕೇಳಲಿಲ್ಲ. ಲೋಕದ ಸುದ್ದಿಗಳ ಮೂಲವನ್ನೆಲ್ಲ ಹುಡುಕುವವರು ಈ ಒಂದು ಸುದ್ದಿಯ ಮೂಲವನ್ನು ಮಾತ್ರ ಕೆದಕದೆ ಬಿಟ್ಟಿದ್ದರು.

ಮನೆಯಲ್ಲಿ ಅವರ ಹೆಂಡತಿ. ದಿನವಿಡೀ ಆಸ್ಪತ್ರೆಯ ಕೌಂಟರಿನಲ್ಲಿ ಕೂತು, “ಮೊದಲು ಚೀಟಿ ಮಾಡಿಸಿ” ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡು ಬರುವಾಕೆ. ಮನೆಗೆ ಬಂದರೆ ತೂತು ಬಿದ್ದ ಪತ್ರಿಕೆಗಳ ರಾಶಿ. ಬಲ್ಲ ಮೂಲಗಳು ಕಂಡಲ್ಲೆಲ್ಲ ಮೇಷ್ಟ್ರು ಕತ್ತರಿ ಆಡಿಸುತ್ತಿದ್ದರಲ್ಲ, ಆ ಪತ್ರಿಕೆಗಳನ್ನು ರದ್ದಿಯವನು ಮುಟ್ಟುತ್ತಿರಲಿಲ್ಲ. “ಇಲಿ ಕಡಿದದ್ದು ಬೇಡಮ್ಮ” ಎನ್ನುತ್ತಿದ್ದ. ಕಪಾಟಿಗೆ ಹಾಸಿದರೆ ತೂತಿನಿಂದ ಜಿರಲೆ ಇಣುಕುತ್ತಿತ್ತು. “ನಿಮ್ಮ ಮೂಲಗಳು ಸಿಗ್ತಾವೋ ಇಲ್ವೋ, ಜಿರಲೆಗಂತೂ ಕಿಟಕಿ ಸಿಕ್ತು” ಎಂದು ಆಕೆ ಸಿಡುಕುತ್ತಿದ್ದಳು. ನಲ್ಲಿಯ ವಾಷರು, ಬಚ್ಚಲ ಬಾಗಿಲು, ಊಟದ ಮೇಜಿನ ಮುರಿದ ಕುರ್ಚಿ, ಎಲ್ಲದಕ್ಕೂ ಮೇಷ್ಟ್ರದು ಒಂದೇ ಉತ್ತರ: ಥೀಸಿಸ್ ಮುಗಿಯಲಿ. ಕುರ್ಚಿಯ ಹಿಂಗಾಲು ಮುರಿದ ಜಾಗಕ್ಕೆ ಒಂದು ಇಟ್ಟಿಗೆ ಕೊಟ್ಟು, ನೆಲಕ್ಕೆ ಗೀರು ಬೀಳದಿರಲೆಂದು ಹಳೆ ಬನಿಯನ್ ಸುತ್ತಿದ್ದರು.

ಆ ಕುರ್ಚಿಯಲ್ಲಿ ಭಾನುವಾರ ಕೂರುತ್ತಿದ್ದವನು ಅವರ ಬಾಮೈದ, ಹೆಂಡತಿಯ ತಮ್ಮ. ದಿನಪತ್ರಿಕೆಯೊಂದರ ರಾಜಕೀಯ ವರದಿಗಾರ. ಬಲ್ಲ ಮೂಲಗಳನ್ನು ಅತಿ ಹೆಚ್ಚು ಉದುರಿಸುತ್ತಿದ್ದವನೂ ಇವನೇ. ಹಾಗಾಗಿ ಭಾವನಿಗೆ ಇವನ ಮೇಲೆ ಪ್ರೀತಿಗಿಂತ ಹೆಚ್ಚಾಗಿ ಕಣ್ಣು.

“ಒಂದೇ ಒಂದು ಹೆಸರು ಹೇಳೋ. ಥೀಸಿಸಲ್ಲಿ ಹಾಕಲ್ಲ, ನನ್ನ ಸಮಾಧಾನಕ್ಕೆ” ಎಂದು ಮೇಷ್ಟ್ರು ಗೋಗರೆಯುತ್ತಿದ್ದರು.

“ನದಿಮೂಲ, ಋಷಿಮೂಲ, ಸುದ್ದಿಮೂಲ ಕೇಳಬಾರದು ಭಾವ” ಎಂದು ಅವನು ತಟ್ಟೆಗೆ ಇನ್ನಷ್ಟು ಅನ್ನ ಹಾಕಿಸಿಕೊಳ್ಳುತ್ತಿದ್ದ. ಆಮೇಲೆ ಮೆಲ್ಲಗೆ ಮಾತು ತಿರುಗಿಸುತ್ತಿದ್ದ. “ಅದಿರಲಿ, ನಿಮಗೇನು ಅನ್ಸುತ್ತೆ? ರಸ್ತೆ ಮಂತ್ರಿ ಉಳೀತಾನಾ?”

ನಿಮಗೇನು ಅನ್ನಿಸುತ್ತದೆ ಎಂದು ಮೇಷ್ಟ್ರನ್ನು ಕೇಳುವವರು ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಪ್ರಿನ್ಸಿಪಾಲರು ಕೇಳುತ್ತಿರಲಿಲ್ಲ, ಗೈಡ್ ಕೇಳುತ್ತಿರಲಿಲ್ಲ, ಹೆಂಡತಿಗೆ ಕೇಳದೆಯೇ ಗೊತ್ತಿತ್ತು. ಹಾಗಾಗಿ ಮೇಷ್ಟ್ರು ತುತ್ತನ್ನು ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಎಂಜಲು ಕೈ ಒಣಗುವವರೆಗೆ ಮಾತಾಡುತ್ತಿದ್ದರು.

“ಉಳಿಯೋದಾ? ಅವನ ಕುರ್ಚಿಗೆ ಇರೋದೇ ಮೂರು ಕಾಲು ಕಣೋ. ನಾಲ್ಕನೇದು ಇಟ್ಟಿಗೆ. ಯಾರಾದ್ರೂ ಜೋರಾಗಿ ಕೆಮ್ಮಿದ್ರೆ ಸಾಕು, ಈ ತಿಂಗಳು ದಾಟಲ್ಲ.”

ಬಾಮೈದ ಅಗಿಯುವುದನ್ನು ನಿಲ್ಲಿಸಿದ. ತಾನು ಕೂತ ಕುರ್ಚಿಯನ್ನೊಮ್ಮೆ ಬಗ್ಗಿ ನೋಡಿದ. ನಕ್ಕ. ಊಟ ಮುಂದುವರಿಯಿತು.

ಕೆಲವು ದಿನಗಳ ಮೇಲೆ ಮುಖಪುಟದಲ್ಲಿ ಸುದ್ದಿ ಬಂತು. ‘ರಸ್ತೆ ಮಂತ್ರಿ ತಲೆದಂಡ ಸನ್ನಿಹಿತ’. ಒಳಗೆ, ‘ಸಚಿವರ ಆಸನಕ್ಕೆ ಉಳಿದಿರುವುದು ಮೂರೇ ಕಾಲು, ನಾಲ್ಕನೆಯದು ಇಟ್ಟಿಗೆ, ಈ ತಿಂಗಳು ದಾಟುವುದಿಲ್ಲ ಎಂದು ಅಧಿಕಾರ ಕೇಂದ್ರಕ್ಕೆ ನಿಕಟವಾಗಿರುವ ಬಲ್ಲ ಮೂಲಗಳು ಮಾರ್ಮಿಕವಾಗಿ ನುಡಿದಿವೆ’. ಮೇಷ್ಟ್ರು ಖುಷಿಯಿಂದ ಕತ್ತರಿ ಆಡಿಸಿದರು. ತಾವಾಡಿದ ಮಾತು ಮೇಷ್ಟ್ರುಗಳಿಗೆ ನೆನಪಿರುವುದಿಲ್ಲ, ಅದನ್ನು ನೆನಪಿಡುವುದು ವಿದ್ಯಾರ್ಥಿಗಳ ಕೆಲಸ. ಅಲ್ಲದೆ, ಮನೆಯ ಕುರ್ಚಿ ಅಚ್ಚಾಗಿ ಆಸನವಾದರೆ ಯಾರಿಗೆ ತಾನೆ ಗುರುತು ಸಿಕ್ಕೀತು?

ಸುದ್ದಿ ಕಾಲು ಚಾಚಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಟೀವಿಯವರು ಸಂಜೆಯಿಡೀ ಪರದೆಯ ಮೇಲೆ ಒಂದು ಇಟ್ಟಿಗೆಯನ್ನು ತಿರುಗಿಸಿದರು. ರಸ್ತೆ ಮಂತ್ರಿ ಸುಮ್ಮನಿದ್ದಿದ್ದರೆ ಬದುಕುತ್ತಿದ್ದರೇನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಪತ್ರಕರ್ತರನ್ನು ಕರೆಸಿ, ಎದ್ದು ನಿಂತು, ತಮ್ಮ ಕುರ್ಚಿಯನ್ನು ತಿರುಗಿಸಿ, “ನೋಡಿ, ನಾಲ್ಕೂ ಕಾಲು ಇದಾವೆ” ಎಂದು ತೋರಿಸಿದರು. ಮಂತ್ರಿಯ ಕೈಯಲ್ಲಿ ತಲೆಕೆಳಗಾದ ಕುರ್ಚಿಯ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು. ರಸ್ತೆಗೊಬ್ಬ ಮಂತ್ರಿ ಇದ್ದಾನೆಂಬುದನ್ನೇ ಮರೆತಿದ್ದ ಪಕ್ಷದ ನಾಯಕರು, ಯಾರಿವನು, ಏನು ಇವನ ಗಲಾಟೆ ಎಂದು ವಿಚಾರಿಸಿ, ತಿಂಗಳು ಮುಗಿಯುವುದರೊಳಗೆ ಕಿತ್ತುಹಾಕಿದರು.

ಮೇಷ್ಟ್ರಿಗೆ ನಾಲ್ಕನೆಯ ಅಧ್ಯಾಯ ಸಿಕ್ಕಿತು. ಇಷ್ಟು ಕರಾರುವಾಕ್ಕಾಗಿ ತಿಂಗಳನ್ನೇ ಹೇಳಬೇಕಾದರೆ ಆ ಮೂಲ ನಾಯಕರ ಮನೆಯೊಳಗೇ ಇರಬೇಕು ಎಂದು ಬರೆದರು. ‘ಇಟ್ಟಿಗೆ’ ಎಂಬ ರೂಪಕಕ್ಕೆ ಪುಟಗಟ್ಟಲೆ ವ್ಯಾಖ್ಯಾನ ಕೊಟ್ಟರು. ಅದು ಕಂಟ್ರಾಕ್ಟರುಗಳ ಕಡೆಗೆ ಬೆರಳು, ಮಾತಾಡಿದವರು ಕಟ್ಟಡ ಲಾಬಿಯ ಒಳಹೊರಗು ತಿಳಿದವರು, ಬಹುಶಃ ನಾಯಕರ ರಕ್ತಸಂಬಂಧಿ. ಗೈಡ್ ಮೇಡಂ ಇದನ್ನು ಸೆಮಿನಾರೊಂದರಲ್ಲಿ ತಮ್ಮ ಹೆಸರು ಮೊದಲು ಹಾಕಿಕೊಂಡು ಓದಿದರು. ಮೆಚ್ಚಿದರು ಎನ್ನಲು ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಬಂಧ ಕೆಂಪು ರಟ್ಟಿನಲ್ಲಿ, ಹೊನ್ನಿನ ಅಕ್ಷರದಲ್ಲಿ ಬೈಂಡಾಗಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಒಂದು ಪ್ರತಿ ಮನೆಗೆ ಬಂತು. ಥೀಸಿಸ್ಸನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲೇ ಎಲ್ಲರೂ ಥೀಸಿಸ್ ಬರೆಯುವುದು. ಆದರೆ ಕೆಲವು ತಿಂಗಳ ಮೇಲೆ ಹೆಂಡತಿಗೆ ಒಂದು ದಿನ ರಜೆ ಸಿಕ್ಕಿತು. ಇಷ್ಟು ವರ್ಷ ತನ್ನ ಮನೆಯನ್ನು ತಿಂದದ್ದು ಏನು ನೋಡೋಣವೆಂದು ಅವಳು ಊಟದ ಮೇಜಿನ ಮುಂದೆ, ಅದೇ ಕುರ್ಚಿಯಲ್ಲಿ ಕೂತು ಓದತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯ ಅಧ್ಯಾಯ ಮುಟ್ಟಿದಳು. ಒಳಗಿನ ಕೋಣೆಯಲ್ಲಿದ್ದ ಮೇಷ್ಟ್ರಿಗೆ ಮೊದಲು ಕೇಳಿಸಿದ್ದು ಕೆಮ್ಮು, ಆಮೇಲೆ ಬಿಕ್ಕಳಿಕೆ. ಅಳುತ್ತಿದ್ದಾಳೆಂದು ಓಡಿಬಂದರು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ರೀ... ಈ ಇಟ್ಟಿಗೆ... ಇದು ನಮ್ಮದು ಕಣ್ರೀ!” ಎಂದು ಕುರ್ಚಿಯ ಕೆಳಗೆ ಕೈ ತೋರಿಸಿದಳು. “ಅವತ್ತು ಊಟಕ್ಕೆ ಕೂತಾಗ ನೀವೇ ಅಂದದ್ದು. ಬಡಿಸ್ತಾ ಇದ್ದೆ ನಾನು. ನಾಯಕರ ರಕ್ತಸಂಬಂಧಿಯಂತೆ!”

ಮೇಷ್ಟ್ರು ಬನಿಯನ್ ಸುತ್ತಿದ ಇಟ್ಟಿಗೆಯನ್ನು ನೋಡಿದರು. ಬನಿಯನ್ನೂ ಅವರದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು, ಅದೂ ಅಡಿಟಿಪ್ಪಣಿ ಸಮೇತ.

ಆ ಭಾನುವಾರ ಬಾಮೈದನಿಗೆ ಊಟಕ್ಕಿಂತ ಮೊದಲು ವಿಚಾರಣೆ ಬಡಿಸಲಾಯಿತು. ಅವನು ಮೊದಲು ನದಿಮೂಲ ಎಂದ, ಋಷಿಮೂಲ ಎಂದ. ಅಕ್ಕ ಅನ್ನದ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗಲು ಎದ್ದಾಗ ಬಾಯಿಬಿಟ್ಟ.

“ಇನ್ಯಾರಿದಾರೆ ಭಾವ ನನಗೆ? ಮಂತ್ರಿಗಳು ನನ್ನ ಫೋನ್ ಎತ್ತಲ್ಲ. ಸೆಕ್ರೆಟರಿಗಳು ಗೇಟಲ್ಲೇ ನಿಲ್ಲಿಸ್ತಾರೆ. ಸಂಜೆ ಆಯ್ತು ಅಂದ್ರೆ ಎಡಿಟರ್ರು ಸ್ಟೋರಿ ಎಲ್ಲಿ ಅಂತಾರೆ. ನೀವಾದ್ರೆ ಸಂಶೋಧನೆ ಮಾಡೋರು. ಎಲ್ಲೆಲ್ಲಿಂದಲೋ ತಿಳ್ಕೊಂಡೇ ಹೇಳ್ತೀರಿ ಅಂತ ನಂಬಿ ಬರೆದೆ.”

“ನಾನು ಎಲ್ಲಿಂದ ತಿಳ್ಕೊಳ್ಳೋದು?” ಮೇಷ್ಟ್ರ ಧ್ವನಿ ಕೀರಲಾಯಿತು. “ನಿನ್ನ ಪೇಪರ್ ಓದಿ ತಾನೇ ನಾನು ಹೇಳ್ತಿದ್ದದ್ದು!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೋಗಲಿ, ಆ ‘ಮೂಲಗಳು’? ಹೇಳಿದ್ದು ನಾನೊಬ್ಬ. ‘ಗಳು’ ಯಾಕೆ ಹಾಕ್ದೆ?” ಮೂರನೆಯ ಅಧ್ಯಾಯವಾದರೂ ಉಳಿಯಲೆಂದು ಮೇಷ್ಟ್ರು ಕೇಳಿದರು.

ಬಾಮೈದ ತಲೆ ತಗ್ಗಿಸಿದ. “ನಿಮ್ಮನ್ನ ಏಕವಚನದಲ್ಲಿ ಹೇಗೆ ಬರೀಲಿ ಭಾವ? ಮೂಲ ಹೇಳಿದೆ, ಮೂಲ ನುಡಿದಿದೆ ಅಂತ? ಮರ್ಯಾದೆ ಬೇಡ್ವಾ?”

ಮೂರನೆಯ ಅಧ್ಯಾಯವೂ ಹೋಯಿತು.

ಇಷ್ಟಾದ ಮೇಲೆ ಅವನು ಭಾವನ ಕೈ ಹಿಡಿದುಕೊಂಡ. ನಾಯಕರ ಮನೆಯಲ್ಲಿ ತನಗೊಬ್ಬರು ಇದ್ದಾರೆಂದು ಎಡಿಟರ್ ನಂಬಿದ್ದಾರೆ, ಇದು ಹೊರಗೆ ಬಂದರೆ ಕೆಲಸ ಹೋಗುತ್ತದೆ, ವೈವಾದಲ್ಲಿ ದಯವಿಟ್ಟು ಬಾಯಿಬಿಡಬೇಡಿ ಎಂದ. ವೈವಾ, ಅಂದರೆ ಪರೀಕ್ಷಕರ ಮುಂದೆ ಕೂತು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಪರೀಕ್ಷೆ, ಮುಂದಿನ ವಾರವೇ ಇತ್ತು. ಹೇಳಿದರೆ ಡಾಕ್ಟರೇಟ್ ಹೋಗುತ್ತದೆ, ಅದರ ಹಿಂದೆಯೇ ಖಾಯಂ ಕೆಲಸದ ಆಸೆಯೂ. ಹೇಳದಿದ್ದರೆ, ಬನಿಯನ್ ಸುತ್ತಿದ ಇಟ್ಟಿಗೆಯ ಮೇಲೆ ಜೀವನ ಪೂರ್ತಿ ಡಾಕ್ಟರಾಗಿ ಕೂರಬೇಕು. ಮೇಷ್ಟ್ರು ಹೆಂಡತಿಯನ್ನು ಕೇಳಿದರು.

“ಸುಳ್ಳು ಡಾಕ್ಟರ ಹೆಂಡತಿ ಆಗೋಕೆ ನನಗೇನೂ ಆಸೆ ಇಲ್ಲ” ಎಂದಳು. ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿ, “ಪರ್ಮನೆಂಟ್ ಲೆಕ್ಚರರ್ ಹೆಂಡತಿ ಆಗೋಕೆ ಮಾತ್ರ ತುಂಬಾ ಆಸೆ ಇದೆ. ಎರಡನ್ನೂ ಹೇಳಿಬಿಟ್ಟೆ. ಇನ್ನು ನಿಮಗೆ ಬಿಟ್ಟಿದ್ದು” ಎಂದು ತಟ್ಟೆಗಳನ್ನು ಒಟ್ಟು ಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಮೇಷ್ಟ್ರು ನೋಡಿದರು.

ವೈವಾದ ದಿನ ಸೆಮಿನಾರ್ ಹಾಲಿನಲ್ಲಿ ಕುರ್ಚಿಗಳಿಗೆ ಬಿಳಿ ಬಟ್ಟೆ ಹಾಕಿದ್ದರು. ಬಿಸ್ಕತ್ತು ಬರುವವರೆಗೆ ಕೂರಲೆಂದು ಬಂದವರು ಸಾಕಷ್ಟು ಮಂದಿ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಪ್ರಬಂಧದ ಹೊನ್ನಿನ ಅಕ್ಷರಗಳನ್ನು ಪೂರ್ತಿ ಓದಿಕೊಂಡು ಬಂದಿದ್ದರು. ಹಿಂದಿನ ಸಾಲಿನಲ್ಲಿ ಬಾಮೈದ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಪಕ್ಕದಲ್ಲಿ ಮೇಷ್ಟ್ರ ಹೆಂಡತಿ, ಕೌಂಟರಿನಲ್ಲಿ ಕೂರುವ ಹಾಗೆ ನೆಟ್ಟಗೆ.

“ಇಷ್ಟೆಲ್ಲ ಹುಡುಕಿದ್ದೀರಿ. ಕೊನೆಗೂ ಆ ರಸ್ತೆ ಮಂತ್ರಿ ಪ್ರಕರಣದ ಮೂಲ ಯಾರು ಅಂತೀರಿ?” ಎಂದು ಪರೀಕ್ಷಕರು ಗಡಿಯಾರ ನೋಡುತ್ತ ಕೇಳಿದರು.

ಬಾಯಿಬಿಟ್ಟರೆ ಬಣ್ಣಗೇಡು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಬಿಟ್ಟರು. “ನಾನೇ ಸರ್.”

ಬಾಮೈದ ಕಣ್ಣು ಮುಚ್ಚಿಕೊಂಡ. ಗೈಡ್ ಮೇಡಂ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಯ ನೆರವಿಗೆ ಧಾವಿಸಿದರು. “ಅವರ ಮಾತಿನ ಅರ್ಥ ಏನಂದ್ರೆ ಸರ್, ಸುದ್ದಿ ಓದೋ ಪ್ರತಿಯೊಬ್ಬನೂ ಒಂದರ್ಥದಲ್ಲಿ ಸುದ್ದಿಯ ಮೂಲವೇ. ಸಂಶೋಧಕ ತನ್ನನ್ನೂ ಹೊರಗಿಡೋ ಹಾಗಿಲ್ಲ.”

“ಅದ್ಭುತ!” ಎಂದರು ಪರೀಕ್ಷಕರು.

“ಹಾಗಲ್ಲ ಸರ್. ನಿಜವಾಗ್ಲೂ ನಾನೇ. ಆ ಇಟ್ಟಿಗೆ ನಮ್ಮ ಮನೇದು. ಊಟ ಮಾಡ್ತಾ ಸುಮ್ಮನೆ ಅಂದದ್ದು. ನನಗೇನೂ ಗೊತ್ತಿರಲಿಲ್ಲ.”

ಸಭೆ ಗೊಳ್ಳೆಂದಿತು. ಪರೀಕ್ಷಕರು ಮೇಜು ಬಡಿದು ನಕ್ಕರು. ಪಾಂಡಿತ್ಯದ ಜೊತೆ ಇಂಥ ವಿನಯ, ಇಂಥ ಹಾಸ್ಯಪ್ರಜ್ಞೆ ಈ ಕಾಲದಲ್ಲಿ ಎಲ್ಲಿದೆ ಎಂದು ಕೊಂಡಾಡಿ, ಡಾಕ್ಟರೇಟ್ ಶಿಫಾರಸು ಮಾಡಿ, ಬಿಸ್ಕತ್ತಿನ ಕಡೆ ಹೊರಟರು. ಸತ್ಯ ಹೇಳಿ ಕೆಟ್ಟವರ ಕತೆ ಲೋಕದಲ್ಲಿ ಬೇಕಾದಷ್ಟಿದೆ. ನಮ್ಮ ಮೇಷ್ಟ್ರು ಸತ್ಯ ಹೇಳಿ ಡಾಕ್ಟರಾದರು. ಅದಕ್ಕಿಂತ ದೊಡ್ಡ ಅವಮಾನ ಸತ್ಯಕ್ಕೆ ಇನ್ನೇನು ಬೇಕು?

ಮುಂದಿನ ಭಾನುವಾರ ಮನೆಯಲ್ಲಿ ಸಂಭ್ರಮ. ಇನ್ನು ಮೇಲೆ ಈ ಮೇಜಿನಲ್ಲಿ ರಾಜಕೀಯ ಮಾತಾಡುವುದಿಲ್ಲವೆಂದು ಮೇಷ್ಟ್ರು ಶಪಥ ಮಾಡಿಕೊಂಡಿದ್ದರು. ಬಾಮೈದ ಪಕ್ಷಗಳ ಬಗ್ಗೆ ಕೆದಕಿದ, ಮೇಷ್ಟ್ರು ನೀರು ಕುಡಿದರು. ಚುನಾವಣೆ ಎಂದ, ಮೇಷ್ಟ್ರು ಕೆಮ್ಮಿದರು.

“ಸರಿ ಬಿಡಿ” ಎಂದ ಅವನು. “ಡಾಕ್ಟರಂತೂ ಆದ್ರಿ. ಕೆಲಸ ಖಾಯಂ ಆಗುತ್ತೆ ತಾನೇ?”

ಇದು ರಾಜಕೀಯವಲ್ಲ, ಮನೆಯ ಮಾತು. ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತ್ತು. ಮೇಷ್ಟ್ರು ಅವಳ ಮುಖ ನೋಡಿದರು. ಗೊತ್ತಿಲ್ಲ ಎನ್ನಬೇಕಿತ್ತು. ಆಗಲಿಲ್ಲ.

“ಆಗ್ದೆ ಏನು? ಈ ವರ್ಷ ಎಲ್ಲರನ್ನೂ ಮಾಡ್ತಾರೆ” ಎಂದರು. ಅವಳು ನಕ್ಕಳು. ಆ ನಗುವಿಗಾಗಿ ಅವರು ಇನ್ನೊಂದು ಥೀಸಿಸ್ ಬೇಕಾದರೂ ಬರೆಯುತ್ತಿದ್ದರು.

ಗುರುವಾರ ಬೆಳಿಗ್ಗೆ ಹೆಂಡತಿ ಪತ್ರಿಕೆ ಹಿಡಿದುಕೊಂಡೇ ಒಳಗೆ ಬಂದಳು. “ರೀ, ‘ಅತಿಥಿ ಉಪನ್ಯಾಸಕರೆಲ್ಲ ಈ ವರ್ಷವೇ ಖಾಯಂ’ ಅಂತೆ!” ಎಂದು ಓದುತ್ತ ಓದುತ್ತ, ಮುಂದಿನ ಸಾಲಿಗೆ ಬಂದವಳು ನಿಧಾನಿಸಿದಳು. “...ಎಂದು ಬಲ್ಲ ಮೂಲಗಳು ತಿಳಿಸಿವೆ.”

ವೈವಾದಲ್ಲಿ ತನ್ನ ಹೆಸರೆತ್ತದ ಭಾವನ ಋಣ ತೀರಿಸಲು ಬಾಮೈದ ಪಾಪ ಶಿಕ್ಷಣದ ಪುಟಕ್ಕೂ ಕೈ ಹಾಕಿದ್ದ. ಮೂಲ ಯಾರೆಂದು ಗಂಡಹೆಂಡಿರಿಬ್ಬರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆದರೂ ಮೇಷ್ಟ್ರು ಕೈ ಚಾಚಿ ಪತ್ರಿಕೆ ತೆಗೆದುಕೊಂಡರು, ಇನ್ನೊಮ್ಮೆ ಓದಿದರು. ಅಚ್ಚಿನಲ್ಲಿ ನೋಡಿದರೆ ನಿಜವೇ ಇರಬಹುದು ಅನ್ನಿಸಿತು.

“ರಸ್ತೆ ಮಂತ್ರಿ ವಿಷಯದಲ್ಲಿ ನಿಜ ಆಗ್ಲಿಲ್ವಾ?” ಎಂದಳು ಹೆಂಡತಿ, ಬೇರೆಲ್ಲೋ ನೋಡುತ್ತ.

ಕಾಲೇಜಿನಲ್ಲಿ ವಾಷ್ ಬೇಸಿನ್ ಪಕ್ಕದ ಮೇಜಿಗೆ ಅವತ್ತು ಕಳೆ ಬಂದಿತ್ತು. ಖಾಯಂ ಮಂದಿ ಕೈ ಒದರದೆ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಭೂಗೋಳದ ಮೇಡಂ ಮೊಬೈಲ್ ಹಿಡಿದುಕೊಂಡು ಮೇಷ್ಟ್ರನ್ನೇ ಕಾಯುತ್ತಿದ್ದರು.

“ಬಂದ್ರಾ ಸರ್? ಆ ನಕ್ಷೆ ಕಂಪನಿಯವರು ಇವತ್ತೇ ಕೊನೆ, ಬರ್ತೀರಾ ಇಲ್ವಾ ಹೇಳಿ ಅಂತಿದಾರೆ. ಈ ಬಲ್ಲ ಮೂಲಗಳ ಬಗ್ಗೆ ನಿಮಗಿಂತ ತಿಳಿದೋರು ಯಾರಿದಾರೆ? ನೀವೇ ಹೇಳಿ, ನಂಬಬಹುದಾ?”

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ನಿಮಗೇನು ಅನ್ನಿಸುತ್ತದೆ ಎಂದು ಇಷ್ಟು ಜನ ಒಟ್ಟಿಗೆ ಕೇಳಿದ್ದು ಅವರ ಬಾಳಿನಲ್ಲಿ ಇದೇ ಮೊದಲು. ಮೇಷ್ಟ್ರು ಚೀಲವನ್ನು ಮೇಜಿನ ಮೇಲಿಟ್ಟರು.

“ಮೇಡಂ, ಆ ಮೂಲ ಮನುಷ್ಯ ಒಳ್ಳೆಯವನೇ” ಎಂದರು. “ಆದರೆ ಅವನಿಗೆ ಏನೂ ಗೊತ್ತಿಲ್ಲ. ಹೆಂಡತಿ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿದಾನೆ. ನೀವು ಆ ಕೆಲಸಕ್ಕೆ ಹೋಗಿ.”

ಮೇಡಂ ನಕ್ಕರು. ಮೇಜಿನ ಸುತ್ತ ಎಲ್ಲರೂ ನಕ್ಕರು, ಕಿಟಕಿ ಪಕ್ಕದವರೂ ನಕ್ಕರು.

“ವೈವಾದಲ್ಲೂ ಹೀಗೇ ನಗಿಸಿದ್ರಂತಲ್ಲ ಸರ್ ನೀವು!” ಎಂದು ಕಣ್ಣೊರೆಸಿಕೊಂಡು ಮೇಡಂ ಫೋನ್ ಕಿವಿಗಿಟ್ಟುಕೊಂಡರು. “ಹಲೋ... ಇಲ್ಲ, ನಾನು ಬರಲ್ಲ. ಹೌದು, ಯೋಚನೆ ಮಾಡಿಯೇ ಹೇಳ್ತಿದೀನಿ. ಇಲ್ಲೇ ಖಾಯಂ ಆಗ್ತಿದೆ.”

ಬೇಡ ಎಂದು ಮೇಷ್ಟ್ರು ಕೈ ಎತ್ತಿದರು. ಅದನ್ನು ಆಶೀರ್ವಾದವೆಂದು ತಿಳಿದು ಮೇಡಂ ತಲೆಬಾಗಿದರು. ಗಂಟೆ ಹೊಡೆಯಿತು. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದುಕೊಂಡು ಕ್ಲಾಸಿಗೆ ಹೋದರು.